ಮನೆಗೊಂದು ಒಳ್ಳೆಯ ಕತ್ತರಿ, ತೋಟಕ್ಕೆ ಇನ್ನೊಂದು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಯಾವ ಕಾಫಿ ಬೆಳೆಗಾರರ ಮನೆಗೆ ಹೋದರೂ ಕತ್ತಿಗಳಿಗೆ ಕೊರತೆ ಕಾಣುವುದಿಲ್ಲ. ಮರಕಸಿಗೆ ಒಂದು ಕತ್ತಿ, ಬೇಲಿ ಸವರಲು ಇನ್ನೊಂದು, ಗಿಡಕಸಿಗೆ ಸಿಕೇಚರ್ ಎಂದು ಕರೆಯುವ ಕಸಿಕತ್ತರಿ, ಅಡಿಗೆಮನೆಯಲ್ಲಿ ಮೆಟ್ಟುಗತ್ತಿ, ಎಲೆ ಅಡಿಕೆಯ ತಟ್ಟೆಯಲ್ಲಿ ಅಡಕತ್ತರಿ. ಒಂದೊಂದಕ್ಕೂ ಅದರದೇ ಜಾಗ, ಅದರದೇ ಕೆಲಸ. ಮನೆಯ ಮಾಮೂಲಿ ಕತ್ತರಿಗೆ ಮಾತ್ರ ಗೊತ್ತಾದ ಜಾಗವೂ ಇಲ್ಲ, ಗೊತ್ತಾದ ಕೆಲಸವೂ ಇಲ್ಲ. ಬೆಳಿಗ್ಗೆ ಹಾಲಿನ ಪೊಟ್ಟಣ ಕತ್ತರಿಸಿದ್ದು ಅದೇ. ಹತ್ತು ಗಂಟೆಗೆ ಮೆಣಸಿನ ಬಳ್ಳಿಯನ್ನು ತುಂಡು ಮಾಡಿದ್ದು ಅದೇ. ಮಧ್ಯಾಹ್ನ ಕೀಟನಾಶಕದ ಪೊಟ್ಟಣದ ಬಾಯಿ ತೆಗೆದದ್ದು ಅದೇ. ಸಂಜೆ ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸಿದ್ದೂ ಅದೇ.

ಈ ಕೊನೆಯ ಎರಡು ಕೆಲಸಗಳ ನಡುವೆ ಕತ್ತರಿಯನ್ನು ತೊಳೆದವರು ಯಾರು ಎಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ. ಬೇಸಾಯಶಾಸ್ತ್ರದವನಿಗೆ ಅಡಿಗೆಮನೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ತೋಟದಲ್ಲಿ ಬಳಸುವ ವಿಷ, ರೋಗದ ಮಣ್ಣು, ಮೈಲುತುತ್ತದ ನೀರು ಇವೆಲ್ಲವೂ ಅಡಿಗೆಮನೆಗೆ ಬರಲು ಒಂದು ಸುಲಭವಾದ ದಾರಿ ಈ ಕತ್ತರಿ. ಆದುದರಿಂದ ಈ ವಿಷಯ ನಮ್ಮ ಪುಟಗಳಿಗೂ ಸೇರಿದ್ದೇ. ಅಡಿಗೆಮನೆಗೆಂದೇ ಒಂದು ಒಳ್ಳೆಯ ಕತ್ತರಿಯನ್ನು ಇಟ್ಟುಕೊಂಡರೆ ಆಗುವ ಉಪಯೋಗ ಬಹಳ. ಆದರೆ ಅದು ಹೊಸ್ತಿಲು ದಾಟಿ ತೋಟಕ್ಕೆ ಹೋಗಬಾರದು.

ಅಡಿಗೆಮನೆಯ ಕತ್ತರಿ ಎಂದರೆ ಯಾವುದು?

ಬಟ್ಟೆ ಕತ್ತರಿಸುವ ಕತ್ತರಿಯ ಅಲಗು ಉದ್ದ, ಹಿಡಿ ಚಿಕ್ಕದು. ಬಟ್ಟೆ ಮೆದುವಾದ ವಸ್ತು; ಅಲ್ಲಿ ಬೇಕಾದುದು ಉದ್ದವಾದ ನೇರ ಕೊಯ್ತ, ಹೆಚ್ಚಿನ ಬಲವಲ್ಲ. ಅಡಿಗೆಮನೆಯ ಕತ್ತರಿಯ ಅಲಗು ದಪ್ಪ ಮತ್ತು ಗಿಡ್ಡ. ಹಿಡಿ ದೊಡ್ಡದು, ಮೂರು ನಾಲ್ಕು ಬೆರಳು ಒಟ್ಟಿಗೆ ಹಿಡಿಸುವಷ್ಟು. ಎರಡು ಅಲಗುಗಳ ಪೈಕಿ ಒಂದಕ್ಕೆ ಸಣ್ಣ ಹಲ್ಲುಗಳಿರುತ್ತವೆ. ಮೀನು, ಕೋಳಿಯ ಚರ್ಮ, ಒದ್ದೆ ಸೊಪ್ಪಿನಂತಹ ಜಾರುವ ವಸ್ತುಗಳನ್ನು ಆ ಹಲ್ಲುಗಳು ಹಿಡಿದುಕೊಳ್ಳುತ್ತವೆ, ಎದುರಿನ ನುಣುಪಾದ ಅಲಗು ಕೊಯ್ಯುತ್ತದೆ. ಒಳ್ಳೆಯ ಕತ್ತರಿಯ ಇನ್ನೊಂದು ಗುರುತು, ಅಗಲಕ್ಕೆ ತೆರೆದಾಗ ಎರಡು ಭಾಗಗಳೂ ಕೀಲಿನಿಂದ ಬಿಡಿಬಿಡಿಯಾಗಿ ಬರುವುದು. ಇದು ತೊಳೆಯುವುದಕ್ಕೆ. ಇದರ ಮಹತ್ವವನ್ನು ಮುಂದೆ ಹೇಳುತ್ತೇನೆ.

ಕತ್ತರಿ ಒಂದು ಸನ್ನೆ. ಅಡಕತ್ತರಿಯಲ್ಲಿ ಗಟ್ಟಿ ಅಡಿಕೆಯನ್ನು ಒಡೆಯುವಾಗ ನಮ್ಮ ಅಜ್ಜಂದಿರು ಅದನ್ನು ಕೀಲಿನ ಹತ್ತಿರಕ್ಕೆ ಸರಿಸಿಕೊಳ್ಳುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಅದೇ ನಿಯಮ ಇಲ್ಲಿಯೂ. ನಿಮ್ಮ ಕೈ ಕೀಲಿನಿಂದ 10 ಸೆಂ.ಮೀ. ದೂರದಲ್ಲಿದೆ ಎನ್ನೋಣ. ಕತ್ತರಿಸಬೇಕಾದ ವಸ್ತು ಕೀಲಿನಿಂದ 8 ಸೆಂ.ಮೀ. ದೂರದಲ್ಲಿದ್ದರೆ ನೀವು ಹಾಕಿದ ಬಲದ ಒಂದೂ ಕಾಲು ಪಾಲು ಮಾತ್ರ ಅದರ ಮೇಲೆ ಬೀಳುತ್ತದೆ. ಅದನ್ನೇ ಕೀಲಿನಿಂದ 2 ಸೆಂ.ಮೀ. ಹತ್ತಿರಕ್ಕೆ ತಂದರೆ ಐದು ಪಾಲು ಬೀಳುತ್ತದೆ. ಕೈಗೆ ಶಕ್ತಿ ಕಡಿಮೆಯಾದ ವಯಸ್ಸಾದವರಿಗೆ, ಗಂಟುನೋವು ಇರುವ ಹೆಂಗಸರಿಗೆ ಈ ಒಂದು ವಿಷಯ ತಿಳಿದಿದ್ದರೆ ಸಾಕು, ಕೋಳಿಯ ಮೂಳೆಯನ್ನೂ ಸಲೀಸಾಗಿ ಕತ್ತರಿಸಬಹುದು. ತುದಿಯಿಂದ ಕತ್ತರಿಸಬೇಕಾದುದು ಸೊಪ್ಪು ಮತ್ತು ತೊಟ್ಟುಗಳನ್ನು ಮಾತ್ರ.

ಉಕ್ಕಿನ ವಿಚಾರ

ಮಳೆಗಾಲದಲ್ಲಿ ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ಸಾಧಾರಣ ಕಬ್ಬಿಣದ ಕತ್ತರಿ ಅಡಿಗೆಮನೆಗೆ ಹೇಳಿಸಿದ್ದಲ್ಲ. ಉತ್ತರ ಪ್ರದೇಶದ ಮೀರತ್ ನಗರದ ಕತ್ತರಿಗಳಿಗೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹೆಸರಿದೆ. 2013ರಲ್ಲಿ ಅವಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಹಳೆಯ ವಾಹನಗಳ ಸ್ಪ್ರಿಂಗು ಮುಂತಾದ ಗುಜರಿ ಉಕ್ಕನ್ನು ಬಡಿದು ಮಾಡುವ ಆ ಕತ್ತರಿಗಳನ್ನು ಎಷ್ಟು ಸಲ ಬೇಕಾದರೂ ಸಾಣೆ ಹಿಡಿಸಬಹುದು. ಬಟ್ಟೆಗೆ ಅವು ಬಹಳ ಚೆನ್ನ. ಆದರೆ ನಿಂಬೆಹುಳಿ, ವಾಟೆಹುಳಿ, ಉಪ್ಪುಮೀನು ತಗುಲಿದ ಮರುದಿನವೇ ಇಂತಹ ಉಕ್ಕು ತುಕ್ಕು ಹಿಡಿಯುತ್ತದೆ. ಅಷ್ಟೇ ಅಲ್ಲದೆ ಬಾಳೆಹೂವು, ಎಳೆ ಹಲಸಿನಂತಹ ಒಗರಿನ ತರಕಾರಿಗಳಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಪಲ್ಯ ಕಪ್ಪಾಗಿದೆ ಎಂದು ಅಡಿಗೆ ಮಾಡಿದವರನ್ನು ದೂರಬೇಡಿ, ಕಾರಣ ಕತ್ತಿಯಲ್ಲಿರುತ್ತದೆ.

ಅಡಿಗೆಮನೆಗೆ ಬೇಕಾದುದು ಸ್ಟೇನ್‌ಲೆಸ್ ಉಕ್ಕು. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಪಾಲಿಗೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಸೇರಿಸಿದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ತೆಳು ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು ಬಂದೂಕದ ನಳಿಗೆಗೆ ಒಳ್ಳೆಯ ಉಕ್ಕನ್ನು ಹುಡುಕುತ್ತಿದ್ದಾಗ ಇದನ್ನು ಗುರುತಿಸಿದರು. ಬಂದೂಕಕ್ಕಿಂತ ಹೆಚ್ಚಾಗಿ ಅದು ಊಟದ ಚಾಕು ಚಮಚಗಳಿಗೆ ಉಪಯೋಗವಾಯಿತು.

ಆದರೆ ಸ್ಟೇನ್‌ಲೆಸ್ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಪಾತ್ರೆ ಮಾಡುವ ಸ್ಟೀಲು ಮೆದು. ಕಾಯಿಸಿ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ. ಅದರಿಂದ ಮಾಡಿದ ಅಲಗು ತಿಂಗಳಲ್ಲಿ ಮೊಂಡಾಗುತ್ತದೆ. ಅಲಗಿಗೆ ಬೇಕಾದ, ಕಾಯಿಸಿ ಗಟ್ಟಿ ಮಾಡಬಹುದಾದ ಸ್ಟೇನ್‌ಲೆಸ್ ಉಕ್ಕನ್ನು ಅಯಸ್ಕಾಂತ ಹಿಡಿಯುತ್ತದೆ. ಆದುದರಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತವನ್ನು ಇಟ್ಟುಕೊಂಡು ಹೋಗಿ. ಹಳೆಯ ರೇಡಿಯೋದ ಸ್ಪೀಕರಿನದಾದರೂ ಸರಿ. ಅಲಗಿಗೆ ಅದು ಅಂಟದಿದ್ದರೆ ಆ ಕತ್ತರಿ ಬೇಡ. ಅಂಟಿದ ಮಾತ್ರಕ್ಕೆ ಅದು ಉತ್ತಮ ಎಂದಲ್ಲ. ಸಾಧಾರಣ ಕಬ್ಬಿಣವೂ ಅಂಟುತ್ತದೆ. ಇದು ಮೊದಲ ಜರಡಿ ಅಷ್ಟೇ.

ಅಂಗಡಿಯಲ್ಲೇ ಮಾಡಬಹುದಾದ ಇನ್ನೆರಡು ಪರೀಕ್ಷೆಗಳುಂಟು. ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಎರಡು ಅಲಗುಗಳ ನಡುವೆ ಮಧ್ಯದಲ್ಲಿ ಕೂದಲೆಳೆಯಷ್ಟು ಸಂದು ಕಾಣಬೇಕು, ತುದಿಯಲ್ಲಿ ಎರಡೂ ಕೂಡಿರಬೇಕು. ಅಲಗನ್ನು ಸ್ವಲ್ಪ ಬಾಗಿಸಿ ಮಾಡಿರುವುದರಿಂದಲೇ ಕತ್ತರಿಸುವಾಗ ಎರಡೂ ಒಂದೇ ಬಿಂದುವಿನಲ್ಲಿ ಉಜ್ಜುತ್ತ ಮುಂದೆ ಸಾಗುತ್ತವೆ. ಎರಡನೆಯದಾಗಿ, ಕತ್ತರಿಯನ್ನು ಪೂರ್ತಿ ತೆರೆದು ಒಂದು ಹಿಡಿಯನ್ನು ಮಾತ್ರ ಹಿಡಿದುಕೊಂಡು ಇನ್ನೊಂದನ್ನು ಬಿಡಿ. ಅದು ಟಪ್ಪೆಂದು ಮುಚ್ಚಿಕೊಂಡರೆ ಕೀಲು ಸಡಿಲ. ಇದ್ದಲ್ಲೇ ನಿಂತರೆ ಬಿಗಿ. ನಿಧಾನವಾಗಿ ಇಳಿದು ಅರ್ಧ ದಾರಿಯಲ್ಲಿ ನಿಂತರೆ ಸರಿಯಾಗಿದೆ. ಬೆಲೆಯ ಮಾತು ಬಂದರೆ, ಒಂದು ಕಿಲೋ ಕಾಳುಮೆಣಸಿನ ಬೆಲೆಯೊಳಗೆ ಸಾಕಷ್ಟು ಒಳ್ಳೆಯ ಕತ್ತರಿ ಸಿಗುತ್ತದೆ.

ಮನೆಯಲ್ಲಿ ಎಡಗೈಯವರಿದ್ದರೆ ಅವರಿಗೆ ಮಾಮೂಲಿ ಕತ್ತರಿ ಸರಿಯಾಗಿ ಕತ್ತರಿಸುವುದಿಲ್ಲ. ಬಲಗೈಯಲ್ಲಿ ಹಿಡಿದು ಒತ್ತಿದಾಗ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಎಡಗೈಯಲ್ಲಿ ಒತ್ತಿದಾಗ ಬೇರೆಯಾಗುತ್ತವೆ. ಹುಡುಗಿಗೆ ಕೈಕೆಲಸ ಬರುವುದಿಲ್ಲ ಎಂದು ಬೈಯುವ ಮೊದಲು ಇದನ್ನು ನೆನೆಯಿರಿ. ಎಡಗೈಯವರಿಗೆಂದೇ ಅಲಗು ತಿರುವಿಹಾಕಿ ಮಾಡಿದ ಕತ್ತರಿಗಳು ದೊರೆಯುತ್ತವೆ.

ಅಡಿಗೆಯಲ್ಲಿ ಅದರ ಉಪಯೋಗ

ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಹಾಕಿ ಎಂದು ನಾನು ಹೇಳುತ್ತಿಲ್ಲ. ತೆಂಗಿನಕಾಯಿ ತುರಿಯುವುದು, ಕುಂಬಳ ಹೋಳು ಮಾಡುವುದು, ಸೌತೆ ಹೆಚ್ಚುವುದು ಇವಕ್ಕೆ ಅದಕ್ಕಿಂತ ಉತ್ತಮವಾದುದಿಲ್ಲ. ಎರಡು ಕೈಯೂ ಬಿಡುವಾಗಿರುವುದರಿಂದ ಮೆಟ್ಟುಗತ್ತಿಯಲ್ಲಿ ಕೆಲಸ ಬೇಗ. ಆದರೆ ಕೆಲವು ಕೆಲಸಗಳಲ್ಲಿ ಅದು ಬೆರಳನ್ನು ಬಲಿ ಕೇಳುತ್ತದೆ. ಅಂತಹ ಕಡೆ ಕತ್ತರಿ ಬೇಕು.

ಮೊದಲನೆಯದು ಮಳೆಗಾಲದ ಅಡಿಗೆ. ಆಷಾಢದಲ್ಲಿ ಮರಕೆಸುವಿನ ಪತ್ರೊಡೆ ಮಾಡದ ಮನೆ ನಮ್ಮ ಕಡೆ ಕಡಿಮೆ. ಕೆಸುವಿನ ತುರಿಕೆಗೆ ಕಾರಣ ಎಲೆ, ದಂಟು, ನಾರುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು. ಎಲೆಯನ್ನು ಕೈಯಲ್ಲಿ ಹಿಡಿದು ಮೆಟ್ಟುಗತ್ತಿಗೆ ಒತ್ತಿ ದಪ್ಪ ನಾರು ತೆಗೆಯುವಾಗ ರಸವೆಲ್ಲ ಅಂಗೈಗೆ ಬರುತ್ತದೆ. ಎಲೆಯನ್ನು ಮಣೆಯ ಮೇಲೆ ಬೆನ್ನು ಮೇಲಾಗಿ ಹರಡಿ ತೊಟ್ಟನ್ನೂ ನಡುನಾರಿನ ಉಬ್ಬನ್ನೂ ಕತ್ತರಿಯಿಂದ ತೆಗೆದರೆ ಕೈಗೆ ತಗಲುವ ರಸ ಬಹಳ ಕಡಿಮೆ. ಹುಳಿಯನ್ನು ಬಿಡುವಂತಿಲ್ಲ, ಅದು ಬೇರೆ ಮಾತು.

ಕಳಲೆಯನ್ನು ಮೊದಲು ಕತ್ತಿಯಿಂದಲೇ ಸುಲಿದು ಬಿಲ್ಲೆ ಮಾಡಬೇಕು. ಆಮೇಲೆ ಬಿಲ್ಲೆಗಳನ್ನು ಎಳೆಎಳೆಯಾಗಿ ಮಾಡುವುದಕ್ಕೆ ಕತ್ತರಿ ಚೆನ್ನ. ಎಳೆ ಸಣ್ಣದಾದಷ್ಟೂ ಅದರ ವಿಷಾಂಶ ನೀರಿಗೆ ಬೇಗ ಬಿಡುತ್ತದೆ. ಹಸಿ ಕಳಲೆಯಲ್ಲಿ ಸಯನೈಡನ್ನು ಬಿಡುವ ಪದಾರ್ಥವಿದೆ. ನೀರು ಬದಲಿಸುತ್ತ ನೆನೆಹಾಕುವ ಹಿರಿಯರ ಕ್ರಮಕ್ಕೆ ಇದೇ ಕಾರಣ.

ಬಾಳೆಹೂವಿನ ಒಂದೊಂದು ಎಸಳಿನಿಂದಲೂ ಗಟ್ಟಿ ಕೇಸರವನ್ನು ತೆಗೆಯುವುದು, ಹಲಸಿನ ತೊಳೆಯನ್ನು ಚಿಪ್ಸಿಗೆ ಎಳೆಯಾಗಿ ಸೀಳುವುದು ಇವಕ್ಕೂ ಕತ್ತರಿ ಅನುಕೂಲ. ಅಲಗಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಹಲಸಿನ ಮೇಣ ಹಿಡಿಯುವುದಿಲ್ಲ. ಹಿಡಿದ ಮೇಲೆ ನೀರಿನಲ್ಲಿ ತೊಳೆದರೆ ಮೇಣ ಗಟ್ಟಿಯಾಗುತ್ತದೆ. ಎಣ್ಣೆಯಲ್ಲೇ ಒರೆಸಿ ತೆಗೆದು ಆಮೇಲೆ ಸೋಪು ಹಾಕಿ.

ಒಣಮೆಣಸಿನಕಾಯಿಯನ್ನು ಕೈಯಿಂದ ಮುರಿದು ಒಗ್ಗರಣೆಗೆ ಹಾಕಿ, ಅದೇ ಕೈಯಲ್ಲಿ ಮಗುವಿನ ಕಣ್ಣೊರೆಸಿದ ತಾಯಂದಿರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹುರುಳಿಕಾಯಿಯ ತುದಿ, ಬಸಳೆಯ ಕುಡಿ, ಚಕ್ರಮುನಿ ಸೊಪ್ಪು, ಬಾಳೆ ಎಲೆಯ ಅಂಚು, ಕರಿಬೇವಿನ ಕಡ್ಡಿ ಇವಂತೂ ಸರಿಯೇ. ಹಲ್ಲಿಲ್ಲದ ಅಜ್ಜಿಗೆ ಅಕ್ಕಿರೊಟ್ಟಿಯನ್ನು ಸಣ್ಣ ಚೂರು ಮಾಡಿ ಸಾರಿನಲ್ಲಿ ನೆನೆಹಾಕಿ ಕೊಡುವುದಕ್ಕೂ ಕತ್ತರಿಯೇ ಸುಲಭ.

ಮಾಂಸ ಮೀನು ತಿನ್ನುವ ಮನೆಗಳಲ್ಲಿ ಕತ್ತರಿಯ ನಿಜವಾದ ಬೆಲೆ ತಿಳಿಯುತ್ತದೆ. ಮಳೆ ಹಿಡಿದಾಗ ಗದ್ದೆ ಹಳ್ಳಗಳಲ್ಲಿ ಸಿಗುವ ಏಡಿಯ ಕಾಲುಗಳನ್ನು ಮೆಟ್ಟುಗತ್ತಿಗೆ ಕೊಟ್ಟರೆ ಚಿಪ್ಪು ಚೂರಾಗಿ ಸಾರಿಗೆ ಬೀಳುತ್ತದೆ. ಕತ್ತರಿಯಲ್ಲಿ ಸಂದಿಗೆ ಸರಿಯಾಗಿ ಕತ್ತರಿಸಬಹುದು. ಹೊಳೆಮೀನಿನ ರೆಕ್ಕೆಯ ಮುಳ್ಳು ಚುಚ್ಚಿದರೆ ದಿನಗಟ್ಟಲೆ ನೋವು. ಮೀನನ್ನು ಕೈಗೆತ್ತಿಕೊಂಡ ಕೂಡಲೆ ಮಾಡಬೇಕಾದ ಮೊದಲ ಕೆಲಸ ಬಾಲದ ಕಡೆಯಿಂದ ತಲೆಯ ಕಡೆಗೆ ರೆಕ್ಕೆಗಳನ್ನು ಕತ್ತರಿಸಿ ತೆಗೆಯುವುದು. ಘಟ್ಟದ ಕೆಳಗಿನಿಂದ ಬರುವ ಒಣಮೀನಿನ ತಲೆ ಬಾಲ, ಒಣ ಸಿಗಡಿಯ ಮೀಸೆ ಇವಕ್ಕೂ ಹಾಗೆಯೇ. ಕೋಳಿಯನ್ನು ಬಿಡಿಸುವಾಗ ಬೆನ್ನುಮೂಳೆಯ ಎರಡೂ ಬದಿಗೆ ಕೀಲಿನ ಹತ್ತಿರ ಒತ್ತಿ ಕತ್ತರಿಸುತ್ತ ಹೋದರೆ ಬೆನ್ನು ಇಡಿಯಾಗಿ ಬರುತ್ತದೆ, ಮೂಳೆಯ ಚೂರು ಹಾರುವುದಿಲ್ಲ. ಬಲಿತ ನಾಟಿಕೋಳಿಯ ತೊಡೆಮೂಳೆಗೆ ಮಾತ್ರ ಕತ್ತರಿ ಹಾಕಬೇಡಿ. ಅಲಗು ಬಾಗುತ್ತದೆ, ಇಲ್ಲವೇ ಕೀಲು ಸಡಿಲವಾಗುತ್ತದೆ. ಸಂದಿಗೆ ಹಾಕಿ ಬಿಡಿಸಬೇಕು.

ಔಷಧದ ಮಾತ್ರೆಗಳ ಹಾಳೆಯನ್ನು ಕತ್ತರಿಸುವಾಗ ಒಂದು ಎಚ್ಚರಿಕೆ. ಅವಧಿ ಮುಗಿಯುವ ತಾರೀಖು ಹಾಳೆಯ ಒಂದೇ ಕಡೆ ಅಚ್ಚಾಗಿರುತ್ತದೆ. ಅದಿಲ್ಲದ ಕಡೆಯಿಂದ ಕತ್ತರಿಸಿ.

ತೊಳೆಯುವ ಬಗೆ

ಹಸಿಕೋಳಿಯ ರಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಮುಂತಾದ ರೋಗಾಣುಗಳಿರುವುದು ಸಾಮಾನ್ಯ. ಕೋಳಿ ಬೇಯುವಾಗ ಅವು ಸಾಯುತ್ತವೆ. ಕತ್ತರಿಯ ಕೀಲಿನಲ್ಲಿ ಸೇರಿಕೊಂಡವು ಸಾಯುವುದಿಲ್ಲ. ಮರುದಿನ ಅದೇ ಕತ್ತರಿಯಿಂದ ಕೋಸಂಬರಿಗೆ ಕೊತ್ತಂಬರಿ ಕತ್ತರಿಸಿದರೆ ಮಕ್ಕಳಿಗೆ ಭೇದಿ ಹಿಡಿಯುತ್ತದೆ, ನೀರು ಸರಿಯಿಲ್ಲ ಎಂದು ಬಾವಿಯನ್ನು ದೂರುತ್ತೇವೆ. ಬಿಡಿಬಿಡಿಯಾಗಿ ಬರುವ ಕತ್ತರಿ ಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೇ. ಎರಡು ಭಾಗವನ್ನೂ ಬೇರೆ ಮಾಡಿ, ಸೋಪು ಮತ್ತು ತೆಂಗಿನನಾರಿನಿಂದ ಹಲ್ಲುಗಳ ಸಂದನ್ನು ಉಜ್ಜಿ, ಮೇಲೆ ಕುದಿಯುವ ನೀರು ಹಾಕಿ, ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬಿಡಿಸಲು ಬಾರದ ಕತ್ತರಿಯಾದರೆ ಪೂರ್ತಿ ತೆರೆದು ಕೀಲಿನ ಎರಡೂ ಬದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಬೇಡಿ. ಅದರಲ್ಲಿರುವ ಕ್ಲೋರಿನ್ ಸ್ಟೇನ್‌ಲೆಸ್ ಉಕ್ಕಿನ ಮೇಲೂ ಸೂಜಿಮೊನೆಯಂತಹ ಗುಳಿಗಳನ್ನು ಮಾಡುತ್ತದೆ. ಒಣಮೀನಿನ ಉಪ್ಪನ್ನು ತೊಳೆಯದೆ ಬಿಟ್ಟರೂ ಅದೇ ಕಥೆ.

ಒಂದು ಅಲಗು ಶುಚಿಯಾಗಿದೆಯೋ ಇಲ್ಲವೋ ಎಂಬುದು ಜೀವದ ಪ್ರಶ್ನೆಯೂ ಆಗಬಲ್ಲದು ಎನ್ನುವುದಕ್ಕೆ ಹಿಂದಿನ ಕಾಲದ ಹೆರಿಗೆಮನೆಗಳೇ ಸಾಕ್ಷಿ. ಮನೆಯಲ್ಲಿ ಕೈಗೆ ಸಿಕ್ಕ ಕತ್ತಿ ಕತ್ತರಿಗಳಿಂದ ಹೊಕ್ಕುಳಬಳ್ಳಿ ಕೊಯ್ದು ಎಷ್ಟೋ ಹಸುಗೂಸುಗಳು ಧನುರ್ವಾಯುವಿಗೆ ತುತ್ತಾದವು. ತಾಯಂದಿರಿಗೆ ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧವಾದ ಅಲಗು ಇವುಗಳಿಂದಾಗಿ 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನದ ಮಟ್ಟಕ್ಕೆ ಇಳಿದಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಆದರೆ ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ, ಸಗಣಿಗೊಬ್ಬರದಲ್ಲಿ ಇಂದಿಗೂ ಇವೆ. ತೋಟದ ಕತ್ತರಿ ತಗುಲಿ ಗಾಯವಾದರೆ ಚುಚ್ಚುಮದ್ದಿನ ವಿಚಾರವಾಗಿ ವೈದ್ಯರನ್ನು ಕೇಳಲೇಬೇಕು. ಹಾವು ಕಚ್ಚಿದ ಜಾಗವನ್ನು ಕತ್ತರಿಯಿಂದ ಕೊಯ್ದು ರಕ್ತ ಹರಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರಿಂದ ವಿಷ ಹೊರಗೆ ಬರುವುದಿಲ್ಲ, ಗಾಯ ಮಾತ್ರ ದೊಡ್ಡದಾಗುತ್ತದೆ. ಹೊತ್ತು ಕಳೆಯದೆ ಆಸ್ಪತ್ರೆಗೆ ಸಾಗಿಸಿ.

ತೋಟಕ್ಕೆ ಏಕೆ ಬೇರೆ ಕತ್ತರಿ?

ಮುಖ್ಯವಾದ ಕಾರಣ ವಿಷ. ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳು ಈಗ ಸಣ್ಣ ಪೊಟ್ಟಣಗಳಲ್ಲಿ ಬರುತ್ತವೆ. ಅದರ ಬಾಯಿ ಕತ್ತರಿಸಿದಾಗ ಅಲಗಿನ ಒಳಮೈಗೂ ಕೀಲಿಗೂ ಪುಡಿ ಅಥವಾ ದ್ರವ ಅಂಟದೆ ಇರುವುದಿಲ್ಲ. ಇವುಗಳಲ್ಲಿ ಅನೇಕವು ಎಣ್ಣೆಯಲ್ಲಿ ಕರಗಿಸಿದಂಥವು. ನೀರಿನಲ್ಲಿ ಅಲ್ಲಾಡಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಕೆಲವಂತೂ ಚರ್ಮದ ಮೂಲಕವೂ ಮೈಗೆ ಸೇರುತ್ತವೆ. ಔಷಧಿ ಇಡುವ ಕೊಟ್ಟಿಗೆಯಲ್ಲೇ, ಅಳತೆಯ ಡಬ್ಬಿ, ಕೈಗವಸುಗಳ ಜೊತೆಗೆ ಒಂದು ಅಗ್ಗದ ಕತ್ತರಿಯನ್ನು ದಾರದಿಂದ ಗೂಟಕ್ಕೆ ಕಟ್ಟಿಬಿಡಿ. ಕಟ್ಟದಿದ್ದರೆ ಅದು ಮನೆಗೆ ಬಂದೇ ಬರುತ್ತದೆ.

ಬೋರ್ಡೋ ದ್ರಾವಣದ ವಿಷಯವೂ ಇದೆ. 1885ರಲ್ಲಿ ಫ್ರಾನ್ಸಿನ ಮಿಲ್ಲಾರ್ಡೆ ದ್ರಾಕ್ಷಿಯ ರೋಗಕ್ಕೆ ಪ್ರಕಟಿಸಿದ ಈ ಔಷಧಿಯನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಕಾಫಿಯ ಎಲೆತುಕ್ಕಿಗೆ, ಮೆಣಸಿನ ಶೀಘ್ರ ಸೊರಗು ರೋಗಕ್ಕೆ ಇಂದಿಗೂ ನಮಗೆ ಅದೇ ಆಸರೆ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಲದೆ ಹೋದರೆ ದ್ರಾವಣ ಎಲೆಯನ್ನು ಸುಡುತ್ತದೆ. ಅದನ್ನು ತಿಳಿಯಲು ಹೊಳಪಾಗಿ ಉಜ್ಜಿದ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ನೋಡುವುದು ವಾಡಿಕೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಇದಕ್ಕೆಂದು ಆತುರದಲ್ಲಿ ಅಡಿಗೆಮನೆಯ ಕತ್ತರಿಯನ್ನೇ ತಂದು ಅದ್ದುವುದುಂಟು. ಅದರಿಂದ ಎರಡು ನಷ್ಟ. ಮೈಲುತುತ್ತದ ನೀರು ಕತ್ತರಿಯ ಕೀಲಿಗೆ ಇಳಿಯುತ್ತದೆ. ಸ್ಟೇನ್‌ಲೆಸ್ ಅಲಗಿನ ಮೇಲೆ ತಾಮ್ರ ಸುಲಭವಾಗಿ ಕೂರದಿರುವುದರಿಂದ ಕೆಟ್ಟ ದ್ರಾವಣವೂ ಒಳ್ಳೆಯದೆಂದು ತೋರಬಹುದು. ಈ ಪರೀಕ್ಷೆಗೆ ಉಜ್ಜಿದ ಒಂದು ಹಳೆಯ ಕಬ್ಬಿಣದ ಮೊಳೆ ಸಾಕು.

ಇನ್ನು ಗಿಡಗಳ ದೃಷ್ಟಿಯಿಂದ. ಫೆಬ್ರವರಿ ಮಾರ್ಚಿಯಲ್ಲಿ ಮೆಣಸಿನ ಹಬ್ಬುಬಳ್ಳಿಯನ್ನು 2-3 ಗಿಣ್ಣಿನ ತುಂಡುಗಳಾಗಿ ಕತ್ತರಿಸಿ ಪಾಲಿಥೀನ್ ಚೀಲಗಳಲ್ಲಿ ನೆಡುವಾಗ ಕೊಯ್ತ ನುಣುಪಾಗಿರಬೇಕು. ಅಡಿಗೆಮನೆಯ ಕತ್ತರಿಯ ಹಲ್ಲುಗಳು ಎಳೆಬಳ್ಳಿಯನ್ನು ಜಜ್ಜುತ್ತವೆ, ಜಜ್ಜಿದ ತುದಿ ಕೊಳೆಯುತ್ತದೆ. ಇಲ್ಲಿಗೆ ಬೇಕಾದುದು ಒಂದರ ಬದಿಯಲ್ಲಿ ಇನ್ನೊಂದು ಸರಿದುಹೋಗುವ ಎರಡು ನುಣುಪು ಅಲಗಿನ ಕಸಿಕತ್ತರಿ. ಸೊರಗು ರೋಗದ ಬಳ್ಳಿಯ ಬುಡದಲ್ಲಿ ಬಳಸಿದ ಕತ್ತರಿಗೆ ಅಂಟಿದ ಮಣ್ಣಿನಲ್ಲಿ ಫೈಟಾಫ್ತೊರಾ ರೋಗಾಣು ಇರುತ್ತದೆ. ನರ್ಸರಿಗೆ ಹೋಗುವ ಮೊದಲು ಮಣ್ಣನ್ನು ಪೂರ್ತಿ ತೊಳೆದು ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಆದರೆ ಎಲೆ ಸಣ್ಣದಾಗಿ ಮುರುಟುವ ನಂಜುರೋಗದ ಬಳ್ಳಿಯಿಂದ ತುಂಡು ತೆಗೆದರೆ ಕತ್ತರಿ ಎಷ್ಟೇ ಶುದ್ಧವಾಗಿದ್ದರೂ ಪ್ರಯೋಜನವಿಲ್ಲ. ರೋಗ ತುಂಡಿನ ಒಳಗೇ ಇರುತ್ತದೆ. ಏಲಕ್ಕಿಯ ಕಟ್ಟೆ ರೋಗ ಕತ್ತಿಯಿಂದ ಹರಡುತ್ತದೆಂದು ಹಲವರು ನಂಬಿದ್ದಾರೆ. ಅದು ಹರಡುವುದು ಹೇನಿನ ಜಾತಿಯ ಕೀಟದಿಂದ ಮತ್ತು ರೋಗದ ಗಡ್ಡೆಯನ್ನು ನೆಡುವುದರಿಂದ. ಅಲ್ಲಿ ಕತ್ತಿಯನ್ನು ಬೈದು ಫಲವಿಲ್ಲ.

ತೋಟದಲ್ಲಿ ಕಿತ್ತಳೆ ಇದ್ದವರು ಹಣ್ಣನ್ನು ಎಳೆದು ಕೀಳದೆ ಕಸಿಕತ್ತರಿಯಿಂದ ತೊಟ್ಟಿನ ಬುಡಕ್ಕೆ ಕತ್ತರಿಸಲಿ. ಎಳೆದಾಗ ತೊಟ್ಟಿನ ಜಾಗದಲ್ಲಿ ಸಿಪ್ಪೆ ಕಿತ್ತುಬಂದು ಹಸಿರು ಬೂಸ್ಟಿಗೆ ಬಾಗಿಲು ತೆರೆಯುತ್ತದೆ. ತೊಟ್ಟು ಉದ್ದ ಬಿಟ್ಟರೂ ಕೆಡುಕೇ, ಬುಟ್ಟಿಯಲ್ಲಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ.

ಕಾಫಿಯ ಗಿಡಕಸಿಗೆ ಅಡಿಗೆಮನೆಯ ಕತ್ತರಿಯನ್ನು ಮುಟ್ಟಿಸಲೂ ಬೇಡಿ. ಕಾಫಿಯ ಕಟ್ಟಿಗೆ ಗಟ್ಟಿ. ಪೆನ್ಸಿಲ್ ದಪ್ಪದ ಒಣರೆಕ್ಕೆಗೆ ಹಾಕಿದರೂ ಅಲಗುಗಳು ಪಕ್ಕಕ್ಕೆ ಬಾಗಿ ಬೇರೆಯಾಗುತ್ತವೆ, ಆಮೇಲೆ ಅದು ಸೊಪ್ಪನ್ನೂ ಕತ್ತರಿಸುವುದಿಲ್ಲ. ಕಂಬಚಿಗುರನ್ನು ಎಳೆಯದಿರುವಾಗ ಕೈಯಲ್ಲೇ ಮುರಿಯಬಹುದು, ಬಲಿತಿದ್ದರೆ ಸಿಕೇಚರ್, ಅದಕ್ಕಿಂತ ದಪ್ಪಕ್ಕೆ ಗರಗಸ.

ಮಳೆಗಾಲದ ಆರೈಕೆ ಮತ್ತು ಸಾಣೆ

ಒದ್ದೆ ಕತ್ತರಿಯನ್ನು ಮುಚ್ಚಿ ಡ್ರಾಯರಿಗೆ ಹಾಕುವುದೇ ನಮ್ಮ ಸೀಮೆಯಲ್ಲಿ ಕತ್ತರಿ ಹಾಳಾಗುವ ಮುಖ್ಯ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಬೆಚ್ಚಗಿನ ಗೋಡೆಯ ಮೇಲೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಮೊಳೆಗೆ ತೂಗುಹಾಕಿ. ವಾರಕ್ಕೊಮ್ಮೆ ಕೀಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಹೊಲಿಗೆಯಂತ್ರದ ಎಣ್ಣೆ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಆಹಾರಕ್ಕೆ ತಗಲುವ ವಸ್ತುವಿಗೆ ಅದು ಬೇಡ. ಕೊಬ್ಬರಿ ಎಣ್ಣೆ ಹಳತಾದರೆ ಅಂಟಾಗುತ್ತದೆ, ಹೊಸದನ್ನು ಹಾಕುವ ಮೊದಲು ಬಿಸಿನೀರಿನಲ್ಲಿ ತೊಳೆಯಿರಿ. ತುಕ್ಕಿನ ಚುಕ್ಕೆ ಕಂಡರೆ ಹುಣಸೆಹಣ್ಣಿನಿಂದ ಉಜ್ಜಿ, ಕೂಡಲೇ ತೊಳೆದು ಒರೆಸಿ. ಅಡಿಗೆಮನೆಯ ಕತ್ತರಿ ಯಾವುದು, ತೋಟದ್ದು ಯಾವುದು ಎಂದು ದೂರದಿಂದಲೇ ತಿಳಿಯುವಂತೆ ತೋಟದ್ದರ ಹಿಡಿಗೆ ಕೆಂಪು ಬಣ್ಣ ಬಳಿದುಬಿಡಿ. ಓದು ಬಾರದ ಆಳಿಗೂ, ಪುಟ್ಟ ಮಗುವಿಗೂ ಅದು ಅರ್ಥವಾಗುತ್ತದೆ.

ಮೊಂಡಾದ ಕತ್ತರಿಯಿಂದ ಉಪ್ಪುಕಾಗದ ಕತ್ತರಿಸಿದರೆ ಹರಿತವಾಗುತ್ತದೆ ಎಂಬ ಮಾತಿದೆ. ಅಂಚಿನ ಸಣ್ಣ ಒರಟು ಹೋಗಿ ಎರಡು ದಿನ ಚೆನ್ನಾಗಿ ಕತ್ತರಿಸಿದಂತೆ ಕಾಣುತ್ತದೆ, ಅಷ್ಟೇ. ಸರಿಯಾದ ಸಾಣೆ ಎಂದರೆ ಅಲಗಿನ ಹೊರಗಿನ ಓರೆಯನ್ನು ಮಾತ್ರ, ಕೊಂಡಾಗ ಇದ್ದ ಕೋನದಲ್ಲೇ, ಕೀಲಿನ ಕಡೆಯಿಂದ ತುದಿಯವರೆಗೆ ಒಂದೇ ಸಮನಾಗಿ ನುಣುಪು ಕಲ್ಲಿನ ಮೇಲೆ ಎಳೆಯುವುದು. ಒಳಗಿನ ಚಪ್ಪಟೆ ಮುಖವನ್ನು ಕಲ್ಲಿಗೆ ಕೊಟ್ಟರೆ ಎರಡು ಅಲಗುಗಳು ಮತ್ತೆ ಎಂದೂ ಸರಿಯಾಗಿ ಕೂಡುವುದಿಲ್ಲ. ಸಂತೆಗೆ ಬರುವ ಸಾಣೆಯವರಿಗೆ ಕೊಡುವಾಗ ಹಲ್ಲಿರುವ ಅಲಗನ್ನು ಮುಟ್ಟಬೇಡಿ, ನುಣುಪು ಅಲಗಿಗೆ ಮಾತ್ರ ಸಾಣೆ ಕೊಡಿ ಎಂದು ಮೊದಲೇ ಹೇಳಿ. ಮುಗಿದ ಮೇಲೆ ಅಲ್ಲೇ ನಿಂತು ಒಂದು ಒದ್ದೆ ಬಟ್ಟೆಯ ಚೂರನ್ನು ಕತ್ತರಿಸಿ ನೋಡಿ. ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳದೆ ತುದಿಯವರೆಗೂ ಕತ್ತರಿಸಿದರೆ ಹಣ ಕೊಡಿ.